ಒಂದು ಜೊತೆ ಜುಮುಕಿಯಲ್ಲಿ ನಿಜವಾಗಿ ಉಳಿಯುವುದೆಷ್ಟು?

ಪ್ರಶ್ನೆ (ತುಮಕೂರಿನಿಂದ)

ಬೆಂಗಳೂರಿನ ಮಾಮೂಲ್‌ಪೇಟೆಯಿಂದ ಗಿಲೀಟಿನ ಜುಮುಕಿಗಳನ್ನು ಡಜನ್ ಲೆಕ್ಕದಲ್ಲಿ ತಂದು ಒಂದು ಆನ್‌ಲೈನ್ ತಾಣದ ಮೂಲಕ ಮಾರುತ್ತಿದ್ದೇನೆ. ಡಜನ್‌ಗೆ 540 ರೂಪಾಯಿ, ಅದರ ಮೇಲೆ ಶೇ 3 ಜಿಎಸ್‌ಟಿ ಸೇರಿದರೆ ಒಂದು ಜೊತೆಯ ಅಸಲು 46.35 ರೂಪಾಯಿ. ಮಾರುವ ಬೆಲೆ 199. ಕಮಿಷನ್ 19.90, ನಿಗದಿತ ಶುಲ್ಕ 10, ಸಾಗಣೆ 48, ಈ ಮೂರರ ಮೇಲಿನ ಶೇ 18 ಜಿಎಸ್‌ಟಿ 14.02 ಮತ್ತು ಟಿಸಿಎಸ್ (ಮಾರಾಟದ ಮೇಲೆ ತಾಣವೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) 97 ಪೈಸೆಯನ್ನು ಮುರಿದುಕೊಂಡು ನನ್ನ ಖಾತೆಗೆ 106.11 ಹಾಕುತ್ತಾರೆ. ಪ್ಯಾಕಿಂಗ್‌ನ 9 ರೂಪಾಯಿ ಕಳೆದರೂ 50.76 ಉಳಿಯಬೇಕು. 46ರ ಮಾಲಿಗೆ 50 ಉಳಿದರೆ ನೂರಕ್ಕೆ ನೂರು ಲಾಭವೆಂದೇ ನಾನು ತಿಳಿದಿದ್ದೆ.

ಕಳೆದ ತಿಂಗಳು 100 ಪಾರ್ಸೆಲ್ ಕಳುಹಿಸಿದೆ. 12 ಗ್ರಾಹಕರಿಗೆ ತಲುಪದೆಯೇ ಮರಳಿದವು. 8ನ್ನು ಗ್ರಾಹಕರೇ ಹಿಂದಿರುಗಿಸಿದರು. ಜಾಹೀರಾತಿಗೆ 1,200 ಹೋಯಿತು. ತಿಂಗಳ ಕೊನೆಗೆ ಕೈಯಲ್ಲಿ 5,000 ಇರಲಿ, ಅದರ ಅರ್ಧವೂ ಇರಲಿಲ್ಲ. ಇದರ ಜೊತೆಗೆ, ಪರೀಕ್ಷೆಗೆಂದು ಹಾಕಿದ ಮೂರು ಜೊತೆಗಳ ಸೆಟ್‌ಗೆ ಸಾಗಣೆ 48ರ ಬದಲು 79 ಹಿಡಿದಿದ್ದಾರೆ, ತಕ್ಕಡಿಯಲ್ಲಿ ಅದು 150 ಗ್ರಾಂ ಕೂಡ ತೂಗುವುದಿಲ್ಲ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1

ನಿಮ್ಮ 50.76 ತಪ್ಪಲ್ಲ, ಆದರೆ ಅದು ಗ್ರಾಹಕರು ಇಟ್ಟುಕೊಂಡ ಜುಮುಕಿಯ ಲೆಕ್ಕ ಮಾತ್ರ. ಈ ವ್ಯಾಪಾರದಲ್ಲಿ ಒಂದು ವಸ್ತುವಿನ ಲಾಭವನ್ನು ಕಳುಹಿಸಿದ ಸಂಖ್ಯೆಯಿಂದ ಗುಣಿಸುವಂತಿಲ್ಲ. ಇಡೀ ನೂರು ಪಾರ್ಸೆಲ್‌ಗಳ ಲೆಕ್ಕವನ್ನು ಒಟ್ಟಿಗೆ ಬರೆಯಬೇಕು.

ನೂರರಲ್ಲಿ ಗ್ರಾಹಕರ ಬಳಿ ಉಳಿದದ್ದು 80. ಖಾತೆಗೆ ಬಂದದ್ದು ಸುಮಾರು 8,489. ಗ್ರಾಹಕರು ಹಿಂದಿರುಗಿಸಿದ ಎಂಟಕ್ಕೆ ತಲಾ 70 ರೂಪಾಯಿ ವಾಪಸಾತಿ ಸಾಗಣೆ ಮತ್ತು ಶೇ 18 ಜಿಎಸ್‌ಟಿ ಎಂದು ಹಿಡಿದರೆ (ನಿಮ್ಮ ಪೇಮೆಂಟ್ ರಿಪೋರ್ಟ್‌ನಲ್ಲಿ ನಿಖರ ಮೊತ್ತ ಇರುತ್ತದೆ) 661 ಕಳೆಯಬೇಕು. ಪ್ಯಾಕಿಂಗ್ ಖರ್ಚು ಎಂಬತ್ತಕ್ಕಲ್ಲ, ನೂರಕ್ಕೂ ಆಗಿದೆ, ಅಂದರೆ 900. ಮಾರಿದ ಮಾಲಿನ ಅಸಲು 3,708. ಮರಳಿ ಬಂದ ಇಪ್ಪತ್ತರಲ್ಲಿ ತಿರುಪು ಕಳೆದುಹೋದದ್ದು, ಗಿಲೀಟು ಮಾಸಿದ್ದು, ಒಂದೇ ಕಿವಿಯದು ಬಂದದ್ದು ಎಂದು ಏಳನ್ನಾದರೂ ಬದಿಗಿಟ್ಟಿರುತ್ತೀರಿ, ಅದು 324. ಜಾಹೀರಾತು 1,200. ಇಷ್ಟನ್ನೂ ಕಳೆದರೆ ಉಳಿಯುವುದು ಸುಮಾರು 1,696, ಅಂದರೆ ಮಾರಿದ ಒಂದೊಂದು ಜೊತೆಗೆ 21 ರೂಪಾಯಿ. ಮಾಮೂಲ್‌ಪೇಟೆಗೆ ಹೋಗಿಬರುವ ಖರ್ಚು, ಪಾರ್ಸೆಲ್ ಕಟ್ಟುವ ನಿಮ್ಮ ಹೊತ್ತು ಇನ್ನೂ ಇದರಲ್ಲಿ ಸೇರಿಲ್ಲ.

ಶೇಕಡಾವಾರಿನಲ್ಲೂ ಒಂದು ಗೊಂದಲವಿದೆ. ಅಸಲಿನ ಮೇಲೆ ಎಷ್ಟು ಏರಿಸಿದ್ದೀರಿ ಎಂಬುದು ಬೇರೆ, ಮಾರಾಟದ ಬೆಲೆಯಲ್ಲಿ ಎಷ್ಟು ಉಳಿಯಿತು ಎಂಬುದು ಬೇರೆ. ಕಮಿಷನ್, ಜಾಹೀರಾತು, ರಿಯಾಯಿತಿ ಎಲ್ಲವೂ ಮಾರಾಟದ ಬೆಲೆಯ ಮೇಲೆಯೇ ಲೆಕ್ಕವಾಗುವುದರಿಂದ ಲಾಭವನ್ನೂ ಅದರಿಂದಲೇ ಭಾಗಿಸಿ ನೋಡಿ. ಆಗ ನಿಮ್ಮ ಲಾಭಾಂಶ ಶೇ 11ರ ಆಸುಪಾಸು. ಹಬ್ಬದ ಮಾರಾಟದಲ್ಲಿ ಶೇ 10 ರಿಯಾಯಿತಿಗೆ ಒಪ್ಪಿಗೆ ಒತ್ತಿದರೆ ಬಹುತೇಕ ಎಲ್ಲವೂ ಹೋಯಿತೆಂದೇ ಅರ್ಥ.

ಉತ್ತರ 2

ನಾನು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆಯುವವನು, ಆದ್ದರಿಂದ ತೆರಿಗೆಯ ಭಾಗವನ್ನಷ್ಟೇ ಹೇಳುತ್ತೇನೆ. 199ರಲ್ಲಿ ಶೇ 3 ಜಿಎಸ್‌ಟಿ ಅಡಗಿರುವುದರಿಂದ ನಿಮ್ಮ ನಿಜವಾದ ಮಾರಾಟ 193.20, ಉಳಿದ 5.80 ಸರ್ಕಾರದ್ದು. ಅದನ್ನು ನೀವು ನಗದಿನಲ್ಲಿ ಕಟ್ಟಬೇಕಾಗಿಲ್ಲ, ಏಕೆಂದರೆ ಖರೀದಿಯ 1.35 ಮತ್ತು ಶುಲ್ಕಗಳ ಮೇಲಿನ 14.02 ಸೇರಿ 15.37 ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳಬಹುದಾದ, ಈಗಾಗಲೇ ಕೊಟ್ಟ ತೆರಿಗೆ) ನಿಮಗಿದೆ. ಆದರೆ ಮಿಕ್ಕ 9.57ನ್ನು ಲಾಭವೆಂದು ಬರೆದುಕೊಳ್ಳಬೇಡಿ. ಸೇವೆಗಳ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ನಿಮ್ಮಂಥವರಿಗೆ ಮರುಪಾವತಿಯಾಗುವುದಿಲ್ಲ. ಶೇ 18ರ ಸರಕನ್ನೂ ಮಾರತೊಡಗಿದರೆ ಅದು ಕರಗುತ್ತದೆ, ಬರೀ ಶೇ 3ರ ಒಡವೆ ಮಾರುವವರೆಗೆ ನಿಮ್ಮ ಜಿಎಸ್‌ಟಿ ಖಾತೆಯ ಲೆಡ್ಜರ್‌ನಲ್ಲೇ ಬೆಳೆಯುತ್ತಾ ಕೂರುತ್ತದೆ.

ಟಿಸಿಎಸ್ ಹಾಗಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡರೆ ನಗದು ಲೆಡ್ಜರ್‌ಗೆ ಬರುತ್ತದೆ, ಮರಳಿ ಕೇಳಬಹುದು. 2024ರ ಜುಲೈ 10ರಿಂದ ಅದರ ದರ ಶೇ 1ರಿಂದ ಶೇ 0.5ಕ್ಕೆ ಇಳಿದಿದೆ, ಹರಿದಾಡುವ ಹಳೆಯ ಎಕ್ಸೆಲ್ ಹಾಳೆಗಳಲ್ಲಿ ಇನ್ನೂ ಶೇ 1 ಇರುವುದುಂಟು. ಇನ್ನೊಂದು ಮಾತು: ಪೇಟೆಯಲ್ಲಿ ಕಚ್ಚಾ ಬಿಲ್ (ಜಿಎಸ್‌ಟಿ ಇಲ್ಲದ ಬರೀ ಚೀಟಿ) ಹಿಡಿದು ಬರಬೇಡಿ. ಕ್ರೆಡಿಟ್‌ನ 1.35 ರೂಪಾಯಿಗಾಗಿ ಹೇಳುತ್ತಿಲ್ಲ. ತಾಣದ ವರದಿಯಲ್ಲಿ ನಿಮ್ಮ ಮಾರಾಟ ಪೂರ್ತಿ ಕಾಣುವಾಗ ಖರೀದಿಗೆ ಮಾತ್ರ ಕಾಗದವಿಲ್ಲದಿದ್ದರೆ ಆದಾಯ ತೆರಿಗೆಯ ಹೊತ್ತಿಗೆ ಉತ್ತರ ಕೊಡುವುದು ಕಷ್ಟ.

ಉತ್ತರ 3

79 ರೂಪಾಯಿಗೆ ಕಾರಣ ನಿಮ್ಮ ಡಬ್ಬಿ. ಸಾಗಣೆಗೆ ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದನ್ನು ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಸಿಗುತ್ತದೆ. ಅದು 500 ಗ್ರಾಂ ದಾಟಿದೊಡನೆ ಮುಂದಿನ ದರ.

ಆದರೂ ಸೆಟ್ ಬಿಡಬೇಡಿ. 449ಕ್ಕೆ ಮೂರು ಜೊತೆ ಮಾರಿ ಸಾಗಣೆ 48ರಲ್ಲೇ ಮುಗಿದರೆ, ನಿಮ್ಮದೇ ದರಗಳಲ್ಲಿ, ಮಾಲಿನ 139.05 ಮತ್ತು ಪ್ಯಾಕಿಂಗ್‌ನ 12 ಕಳೆದು 174 ಉಳಿಯುತ್ತದೆ. ಬಿಡಿಯಾಗಿ ಮೂರು ಮಾರಿದರೆ 152. ಗ್ರಾಹಕರಿಗೆ 148 ರೂಪಾಯಿ ಕಡಿಮೆ ಮಾಡಿಯೂ ನಿಮಗೆ ಹೆಚ್ಚು. ಅದೇ ಸಾಗಣೆ 79 ಆದರೆ 138ಕ್ಕೆ ಇಳಿದು ಬಿಡಿ ಮಾರಾಟಕ್ಕಿಂತ ಕೆಳಗೆ ಹೋಗುತ್ತದೆ. ವಾಪಸ್ ಬಂದರೆ ಮೂರೂ ಒಟ್ಟಿಗೆ ಬರುತ್ತವೆಂಬುದು ನೆನಪಿರಲಿ. ಹಾಗೆ ಮರಳಿ ಬಂದ ಪಾರ್ಸೆಲ್ ಅನ್ನು ವಿಡಿಯೊ ಮಾಡದೆ ಬಿಚ್ಚಬೇಡಿ, ಮಾಲು ಹಾಳಾಗಿ ಬಂದಿದ್ದರೆ ಅದೇ ಸಾಕ್ಷಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ರಿಪೋರ್ಟ್ ತೆಗೆದು ನೋಡಿದೆ, ವಾಪಸಾತಿ ಸಾಗಣೆ ನೀವು ಊಹಿಸಿದಂತೆ 70 ರೂಪಾಯಿಯೇ ಇದೆ. ಹಾಳಾದದ್ದು ಏಳಲ್ಲ, ಒಂಬತ್ತು. ಸೆಟ್‌ನ ಡಬ್ಬಿಯನ್ನು ಟೇಪು ಹಿಡಿದು ಅಳೆದೆ: 18, 14, 10 ಸೆಂಟಿಮೀಟರ್. ಗುಣಿಸಿ ಭಾಗಿಸಿದರೆ 504 ಗ್ರಾಂ. ನಾಲ್ಕು ಗ್ರಾಂ ಗಾಳಿಗೆ ಇಷ್ಟು ದಿನ ಸೆಟ್‌ಗೆ 36 ರೂಪಾಯಿ ಕಟ್ಟಿದ್ದೇನೆ. ಎತ್ತರ 5 ಸೆಂಟಿಮೀಟರ್ ಇರುವ ಡಬ್ಬಿ ತರಿಸುತ್ತಿದ್ದೇನೆ. ಅದು ಬರುವವರೆಗೆ ಸೆಟ್‌ನ ಮಾರಾಟ ನಿಲ್ಲಿಸಿದ್ದೇನೆ.