ಕೀರವಾಣಿ ರಾಗದ ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಚಿತ್ರಗೀತೆಯ ಲಯವನ್ನು ಬೆಸೆಯುವುದು ಹೇಗೆ?

ಕೀರವಾಣಿಪ್ರಿಯ (ಪ್ರಶ್ನೆ)

ಎರಡು ವಯೊಲಿನ್, ಒಂದು ವಯೋಲಾ ಮತ್ತು ಒಂದು ಚೆಲ್ಲೊಗಾಗಿ ಸುಮಾರು ಹತ್ತು ನಿಮಿಷಗಳ ಕೃತಿಯೊಂದನ್ನು ರಚಿಸುತ್ತಿದ್ದೇನೆ. ಕೀರವಾಣಿಯ ಸ್ವರಗಳು ಪಾಶ್ಚಾತ್ಯರ ‘ಹಾರ್ಮೊನಿಕ್ ಮೈನರ್’ ಎಂಬ ಸ್ವರಶ್ರೇಣಿಯ ಸ್ವರಗಳೇ ಆಗಿರುವುದರಿಂದಲೂ, ನಮ್ಮ ಚಿತ್ರಸಂಗೀತ ಈ ರಾಗವನ್ನು ಧಾರಾಳವಾಗಿ ಬಳಸಿಕೊಂಡಿರುವುದರಿಂದಲೂ ಅದನ್ನೇ ಆರಿಸಿಕೊಂಡೆ. ಮೊದಲ ಭಾಗ ಆಲಾಪನೆಯಂತೆ ನಿಧಾನವಾಗಿ ಬೆಳೆಯುತ್ತದೆ. ಎರಡನೆಯದರಲ್ಲಿ ಚಿತ್ರಗೀತೆಯ ಕುಣಿತದ ಲಯ ಬರುತ್ತದೆ. ಬಿಡಿಯಾಗಿ ಕೇಳಿದರೆ ಎರಡೂ ಚೆನ್ನಾಗಿವೆ. ಒಟ್ಟಿಗೆ ಕೇಳಿದರೆ ಎರಡು ಬೇರೆ ಕೃತಿಗಳನ್ನು ಕತ್ತರಿಸಿ ಅಂಟಿಸಿದಂತಿದೆ. ತಾಳವಾದ್ಯವಿಲ್ಲದ ಕಾರಣ ಲಯಕ್ಕೆ ಬಿಗಿಯೂ ಬರುತ್ತಿಲ್ಲ, ಆದರೆ ಡ್ರಮ್ ಸೇರಿಸಲು ಮನಸ್ಸಿಲ್ಲ. ಅನುಭವಿಗಳು ದಯವಿಟ್ಟು ಸಲಹೆ ನೀಡಬೇಕು.

ಮಂದ್ರತಂತಿ

ಡ್ರಮ್ ಬೇಡವೆಂಬ ನಿರ್ಧಾರ ಸರಿಯಾಗಿದೆ. ಚೆಲ್ಲೊವನ್ನು ಬೆರಳಿನಿಂದ ಮೀಟಿದರೆ ಬೇಸ್ ಗಿಟಾರಿನ ಕೆಲಸ ಆಗುತ್ತದೆ. ವಯೋಲಾದಲ್ಲಿ ‘ಚಾಪ್’ ಬಳಸಬಹುದು: ಕಮಾನಿನ ಹಿಡಿಯ ಸಮೀಪದ ಭಾಗವನ್ನು ತಂತಿಗಳ ಮೇಲೆ ಕೆಡವಿದಾಗ ಸ್ವರಕ್ಕಿಂತ ಹೆಚ್ಚಾಗಿ ಏಟಿನ ಸದ್ದೇ ಕೇಳುತ್ತದೆ. 1960ರ ದಶಕದಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಶೈಲಿಯ ಪಿಟೀಲು ವಾದಕ ರಿಚರ್ಡ್ ಗ್ರೀನ್ ರೂಢಿಗೆ ತಂದ ಈ ತಂತ್ರವನ್ನು ಮುಂದೆ ಟರ್ಟಲ್ ಐಲ್ಯಾಂಡ್ ಸ್ಟ್ರಿಂಗ್ ಕ್ವಾರ್ಟೆಟ್‌ನವರು ಸಮರ್ಥವಾಗಿ ಬೆಳೆಸಿದರು.

ಇನ್ನು ಬೆಸುಗೆಯ ಮಾತು. ಆದಿತಾಳದ ಎಂಟು ಅಕ್ಷರಗಳನ್ನು 3+3+2 ಎಂದು ಒಡೆದರೆ ಸಿಗುವ ನಡೆಯನ್ನೇ ಅರ್ಜೆಂಟೀನಾದ ಸಂಗೀತ ರಚನಕಾರ ಪಿಯಾಸೊಲ್ಲಾ ತನ್ನ ಟ್ಯಾಂಗೊ ಎಂಬ ನೃತ್ಯಸಂಗೀತದ ಕೃತಿಗಳಲ್ಲಿ ಪದೇ ಪದೇ ಬಳಸಿದ್ದಾನೆ. ಚಿತ್ರಗೀತೆಗಳಲ್ಲೂ ಅದು ಹೊಸದಲ್ಲ. ನಿಮ್ಮ ಆಲಾಪನೆಯ ಕೊನೆಯ ಕೆಲವು ಆವರ್ತಗಳಲ್ಲಿಯೇ ವಯೋಲಾ ಈ ನಡೆಯನ್ನು ಅತ್ಯಂತ ಮೆಲ್ಲಗೆ, ಒಂದೇ ಸ್ವರದ ಮೇಲೆ ನುಡಿಸಲಿ. ಎರಡನೆಯ ಭಾಗ ಆರಂಭವಾಗುವ ಹೊತ್ತಿಗೆ ಕೇಳುಗರ ಕಿವಿ ಅದಕ್ಕೆ ಒಗ್ಗಿರುತ್ತದೆ.

ಶುದ್ಧಮಧ್ಯಮ

ಮಂದ್ರತಂತಿಯವರ ಮೊದಲ ಸಲಹೆಯನ್ನು ಪೂರ್ಣವಾಗಿ ಒಪ್ಪುತ್ತೇನೆ, ಎರಡನೆಯದನ್ನು ಅಷ್ಟಾಗಿ ಒಪ್ಪಲಾರೆ. ಬೆಸುಗೆ ಕಾಣಲೇಬಾರದೆಂಬ ನಿಯಮವೇನೂ ಇಲ್ಲ. ಫ್ರೆಂಚ್ ಸಂಗೀತ ರಚನಕಾರ ರಾವೆಲ್ 1927ರಲ್ಲಿ ವಯೊಲಿನ್ ಮತ್ತು ಪಿಯಾನೊಗಾಗಿ ಬರೆದು ಮುಗಿಸಿದ ಸೊನಾಟಾದ ಎರಡನೆಯ ಭಾಗದ ಹೆಸರೇ ‘ಬ್ಲೂಸ್’, ಅಂದರೆ ಅಮೆರಿಕದ ಒಂದು ಜನಪ್ರಿಯ ಸಂಗೀತ ಶೈಲಿ. ವಯೊಲಿನ್ ಮತ್ತು ಪಿಯಾನೊ ಮೂಲತಃ ಹೊಂದಿಕೆಯಾಗದ ವಾದ್ಯಗಳೆಂದು ನಂಬಿದ್ದ ಆತ ಆ ಭಾಗದ ಆರಂಭದಲ್ಲಿ ವಯೊಲಿನ್ನನ್ನು ಜಿ ಮೇಜರ್‌ನಲ್ಲಿ ಬ್ಯಾಂಜೊದಂತೆ ಮೀಟಿಸುತ್ತಾನೆ, ಪಿಯಾನೊವನ್ನು ಅದರ ಮೇಲಿನ ಅರ್ಧಸ್ವರವಾದ ಎ ಫ್ಲ್ಯಾಟ್‌ನಲ್ಲಿ ತರುತ್ತಾನೆ. ಜನಪ್ರಿಯ ಶೈಲಿಯನ್ನು ಆತ ಅಲಂಕಾರವಾಗಿ ಅಂಟಿಸಲಿಲ್ಲ. ಎರಡು ಶ್ರುತಿಗಳ ಆ ಘರ್ಷಣೆಯಿಂದಲೇ ಕೃತಿ ಮುಂದುವರಿಯುತ್ತದೆ. ನಿಮ್ಮಲ್ಲಿಯೂ ಮೊದಲ ವಯೊಲಿನ್ ಆಲಾಪನೆಯನ್ನು ಬಿಡದೆ ಮುಂದುವರಿಸುತ್ತಿರುವಾಗ ಉಳಿದ ಮೂವರು ಕುಣಿತವನ್ನು ಆರಂಭಿಸಿದರೆ ಹೇಗಿರುತ್ತದೆಂದು ಯೋಚಿಸಿ. ಸಿದ್ಧರಾಗ ಸಿದ್ಧಲಯಗಳ ನಯವಾದ ಫ್ಯೂಷನ್ ಈಗಾಗಲೇ ಬೇಕಾದಷ್ಟಿದೆ, ಮತ್ತೊಂದು ಬೇಡ.

ಕೀರವಾಣಿಪ್ರಿಯ

ಇಬ್ಬರಿಗೂ ಧನ್ಯವಾದಗಳು. ಎರಡನ್ನೂ ಬರೆದು ನೋಡುತ್ತೇನೆ. ಆಲಾಪನೆ ಕುಣಿತದ ಮೇಲೆಯೇ ಮುಂದುವರಿದರೆ, ಕೆಳಗಿನ ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಗಮಕಗಳನ್ನು, ಅಂದರೆ ಸ್ವರದ ಓಲಾಟಗಳನ್ನು, ಕೆಡಿಸುವುದಿಲ್ಲವೆ?

ಕಾಕಲಿ

ಕೆಡಿಸುತ್ತವೆ, ವಿಶೇಷವಾಗಿ ಪಂಚಮದ ಮೇಲೆ ಕಟ್ಟಿದ ಕಾರ್ಡು. ಅದರ ನಡುವೆ ಕಾಕಲಿ ನಿಷಾದ (ಮೇಲಿನ ಷಡ್ಜಕ್ಕೆ ತೀರ ಹತ್ತಿರದ ನಿಷಾದ) ಕದಲದೆ ನಿಂತಿರುತ್ತದೆ. ಅದೇ ಹೊತ್ತಿಗೆ ಮೊದಲ ವಯೊಲಿನ್ ನಿಷಾದವನ್ನು ಷಡ್ಜದ ಕಡೆಗೆ ಆಂದೋಲಿಸಿದರೆ ಅಪಶ್ರುತಿಯಂತೆ ಕೇಳುತ್ತದೆ. ಗಮಕವಿರುವ ಸ್ವರವನ್ನು ಕೆಳಗಿನ ಯಾವ ವಾದ್ಯಕ್ಕೂ ಕೊಡದಿರುವುದು ಸುಲಭವಾದ ಉಪಾಯ: ಚೆಲ್ಲೊ ಮತ್ತು ವಯೋಲಾ ಷಡ್ಜ ಪಂಚಮಗಳನ್ನಷ್ಟೇ ಹಿಡಿದಿರಲಿ, ಎರಡನೆಯ ವಯೊಲಿನ್ ರಿಷಭದಲ್ಲೋ ಮಧ್ಯಮದಲ್ಲೋ ಇರಲಿ. ಪೂರ್ಣ ಕಾರ್ಡುಗಳನ್ನು ರಾಗ ಸಪಾಟಾಗಿ ಓಡುವ ಕಡೆಗೆ ಉಳಿಸಿಕೊಳ್ಳಿ. ವಾದಕರು ಕರ್ನಾಟಕ ಸಂಗೀತ ಕಲಿಯದವರಾದರೆ, ಗಮಕವನ್ನು ಸಣ್ಣ ಸಣ್ಣ ಸ್ವರಗಳಾಗಿ ಬಿಡಿಸಿ ಬರೆಯುವ ಬದಲು ಮೂಲ ಸ್ವರದ ಮೇಲೊಂದು ಅಲೆಗೆರೆ ಹಾಕಿ, ಹಾಡಿದ ಧ್ವನಿಮುದ್ರಣವನ್ನೂ ಜೊತೆಗೆ ಕಳುಹಿಸಿ.