ಲಡಾಖ್ ಚಳಿಗೆ ಬೂಟು: 200 ಗ್ರಾಂ ಸಾಕಾ?

ಪ್ರಶ್ನೆ (ಧಾರವಾಡ):
ಜನವರಿಯಲ್ಲಿ ಮಗ ಲಡಾಖ್‌ಗೆ ಚಾರಣ ಹೋಗುತ್ತಿದ್ದಾನೆ. ನಮ್ಮ ಸಪ್ತಾಪುರದ ಚಳಿಗೆ ಒಂದು ಸ್ವೆಟರ್ ಸಾಕು. ಅಲ್ಲಿಗೆ ತಂದ ಬೂಟಿನ ಮೇಲೆ ‘ಥಿನ್ಸುಲೇಟ್ 200 ಗ್ರಾಂ’ ಅಂತಿದೆ. ಅದು ಬೂಟಿನ ತೂಕವಾ? ಇಷ್ಟು ತೆಳು ಪದರ ಕಾಲು ಕಾಯುತ್ತದಾ?

ಉತ್ತರ (ಹುಬ್ಬಳ್ಳಿ):
ಬೂಟಿನ ತೂಕ ಅಲ್ಲ ಅಕ್ಕಾರ. ಥಿನ್ಸುಲೇಟ್ ಅಂದರೆ ಬೂಟಿನ ಒಳಗೆ ಹಾಕುವ, ಬೆಚ್ಚಗಿಡುವ ಎಳೆಗಳ ಪದರ. ಒಂದು ಚದರ ಮೀಟರ್ ಪದರ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಎಳೆಗಳು ತುಂಬಾ ಸಣ್ಣ, ನಡುವೆ ಗಾಳಿ ನಿಲ್ಲುತ್ತದೆ. ಬೆಚ್ಚಗಿಡುವುದು ಆ ಗಾಳಿಯೇ. ನಮ್ಮ ಕೌದಿಯೂ ಹಾಗೇ ಅಲ್ವಾ?

ನಾನು ಲೇಹ್‌ನಲ್ಲಿ ಒಂದು ಚಳಿಗಾಲ ಕೆಲಸ ಮಾಡಿದ್ದೆ. ಬಿಗಿ ಬೂಟಿಗೆ ಎರಡು ಜೊತೆ ಕಾಲುಚೀಲ ಹಾಕಿದ್ದಕ್ಕೆ ಬೆರಳು ಮರಗಟ್ಟಿದವು. ಗಾಳಿಗೂ ಜಾಗವಿಲ್ಲ, ರಕ್ತವೂ ಸರಿಯಾಗಿ ಓಡಲಿಲ್ಲ. ಸ್ವಲ್ಪ ಸಡಿಲ ಇರುವುದೇ ತಗೊಳ್ಳಿ. 200 ಬೇಡ, ಕಡಿಮೆ ಅಂದರೂ 400 ಇರಲಿ. ಜಾಸ್ತಿ ಹೊತ್ತು ನಿಲ್ಲುವುದಿದ್ದರೆ 800. ಹತ್ತಿ ಕಾಲುಚೀಲ ಬೆವರು ಹಿಡಿದಿಡುತ್ತದೆ, ಉಣ್ಣೆಯದು ಕೊಡಿಸಿ.

ಉತ್ತರ (ಗದಗ):
ರಾತ್ರಿ ಒಳಗಿನ ಸೋಲ್ ತೆಗೆದು ಒಣಗಿಸಲಿ. ಆದರೆ ಒಲೆ ಪಕ್ಕ ಬೇಡ. ಈ ಎಳೆ ಪ್ಲಾಸ್ಟಿಕ್ ಜಾತಿಯದು, ಕಾವಿಗೆ ಮುದುಡುತ್ತದೆ.

ಧಾರವಾಡ:
ಬಿಗಿ ಇದ್ದಷ್ಟೂ ಬೆಚ್ಚಗೆ ಅಂತ ಅಂಗಡಿಯವರು ಹೇಳಿದ್ದರು. ನಾಳೆಯೇ ಬದಲಿಸುತ್ತೇನೆ.