ಶ್ರಾವಣದಲ್ಲಿ ಮದುವೆ, ಅಲ್ಲಿಯವರೆಗೆ ಭಾನುವಾರಕ್ಕೊಂದು ಬೆಟ್ಟ: ಈ ಬಿಸಿಲಲ್ಲಿ ಎಲ್ಲಿಗೆ ಹೋಗಬಹುದು?

ಕ್ಯಾತ್ಸಂದ್ರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಯುಗಾದಿ ಮುಗಿದ ವಾರವೇ ನನ್ನ ನಿಶ್ಚಿತಾರ್ಥ ಆಯಿತು. ಮದುವೆ ಆಷಾಢ ಕಳೆದ ಮೇಲೆ, ಶ್ರಾವಣದಲ್ಲಿ. ಅವರಿಗೆ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ, ನಾನು ಇಲ್ಲೇ ತುಮಕೂರಲ್ಲಿ ಲೆಕ್ಕ ಬರೆಯುತ್ತೇನೆ. ಇಬ್ಬರಿಗೂ ಬಿಡುವು ಸಿಗುವುದು ಭಾನುವಾರ ಮಾತ್ರ. ಹೋಟೆಲ್ಲಲ್ಲಿ ಕೂತರೆ ಹತ್ತು ನಿಮಿಷಕ್ಕೆ ಇಬ್ಬರೂ ಮೊಬೈಲ್ ತೆಗೆಯುತ್ತೇವೆ, ಅದು ಎರಡನೇ ಸಲಕ್ಕೇ ಗೊತ್ತಾಯಿತು. ಅದಕ್ಕೆ ಭಾನುವಾರಕ್ಕೊಂದು ಬೆಟ್ಟ ಅಂತ ಮಾತಾಡಿಕೊಂಡೆವು.

ಮೊದಲನೆಯದು ದೇವರಾಯನದುರ್ಗ. ಹತ್ತಿರ ಅಲ್ವಾ ಅಂತ ನಿಧಾನವಾಗಿ ಹೊರಟು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ನಾಮದ ಚಿಲುಮೆ ನೋಡಿಕೊಂಡು, ಮೇಲೆ ಯೋಗ ನರಸಿಂಹನ ಗುಡಿ ಹತ್ತಿರ ಚಪ್ಪಲಿ ಬಿಟ್ಟಾಗ ಹನ್ನೊಂದೂವರೆ ಆಗಿತ್ತು. ಕಲ್ಲು ಕಾದ ಹೆಂಚು. ಅವರು ಕುಣಿದುಕೊಂಡೇ ಮೆಟ್ಟಿಲು ಹತ್ತಿದರು. ನಾನು ನಕ್ಕುಬಿಟ್ಟೆ. ವಾಪಸ್ ಬರುವಾಗ ಕ್ಯಾತ್ಸಂದ್ರದ ತನಕ ಬೈಕ್ ಮೇಲೆ ಒಂದು ಮಾತಿಲ್ಲ.

ಈಗ ನನ್ನ ಪ್ರಶ್ನೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೇಸಿಗೆಯಲ್ಲಿ ಹತ್ತಬಹುದಾದ ಬೆಟ್ಟ ಯಾವುವು? ಇನ್ನೊಂದು, ಅಮ್ಮ ತಮ್ಮನನ್ನೂ ಕರೆದುಕೊಂಡು ಹೋಗು ಅನ್ನುತ್ತಿದ್ದಾಳೆ. ಅವನು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದು ಮನೆಯಲ್ಲಿ ಸುಮ್ನೆ ಕೂತಿದ್ದಾನೆ. ಏನು ಮಾಡಲಿ?

ಏಕಶಿಲೆ:

ನಾನು ಮದ್ದಗಿರಿಯವನು, ಬೋರ್ಡಲ್ಲಿ ಮಧುಗಿರಿ. ನಮ್ಮದು ಒಂದೇ ಕಲ್ಲಿನ ಬೆಟ್ಟ, ಎತ್ತರ ಸಮುದ್ರ ಮಟ್ಟದಿಂದ 3,930 ಅಡಿ, ನೆರಳಿಗೆ ಒಂದು ಮರ ಹುಡುಕಬೇಕು. ಇಂಥ ಬೆಟ್ಟ ಬೇಸಿಗೆಯಲ್ಲಿ ಹತ್ತಬಾರದು ಅಂತೇನಿಲ್ಲ, ಹೊತ್ತು ನೋಡಿಕೊಂಡು ಹತ್ತಬೇಕು ಅಷ್ಟೆ. ಬಂಡೆ ರಾತ್ರಿಯೆಲ್ಲ ತಣ್ಣಗಾಗಿರುತ್ತದೆ. ಎಂಟರ ಮೇಲೆ ಕಾಯಲು ಶುರು, ಹತ್ತಕ್ಕೆ ಅಂಗೈ ಇಟ್ಟರೆ ಚುರ್ ಅನ್ನುತ್ತದೆ. ಕೈ ಊರದೆ ಹತ್ತಲು ಆಗದ ಜಾಗಗಳಿವೆ, ತೊಂದರೆ ಅಲ್ಲೇ.

ಕೆಳಗಿನ ಕೋಟೆ ಬಾಗಿಲುಗಳ ತನಕ ಮೆಟ್ಟಿಲು, ಆರಾಮ. ಆಮೇಲೆ ಬರೀ ಇಳಿಜಾರು ಬಂಡೆ. ಕಾಲಿಡಲು ಕೊರೆದ ಗುಳಿಗಳು, ಅಲ್ಲಲ್ಲಿ ಹಿಡಿಯಲು ಕಬ್ಬಿಣದ ಕಂಬಿ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಕೆಲವು ಕಡೆ ಕೂತು ಜಾರಿಕೊಂಡೇ ಬರಬೇಕು, ಹೊಸ ಪ್ಯಾಂಟ್ ಹಾಕಿಕೊಂಡು ಬರಬೇಡಿ. ತಲೆಗೆ ಎರಡು ಲೀಟರ್ ನೀರು. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಕಂಡರೆ ಕೋತಿ ಬಿಡುವುದಿಲ್ಲ, ಎಲ್ಲ ಬ್ಯಾಗ್ ಒಳಗಿರಲಿ. ಸೆಂಟ್ ಹಾಕಿಕೊಳ್ಳಬೇಡಿ, ಕಲ್ಲುಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಜೇನಿಂದಲೇ ಮಧುಗಿರಿ ಅನ್ನೋ ಹೆಸರು ಬಂತು ಅನ್ನುತ್ತಾರೆ, ಸುಮ್ನೆ ಪರೀಕ್ಷೆ ಮಾಡಲು ಹೋಗಬೇಡಿ.

ಬೆಳಕು ಹರಿಯುವಾಗ ಕೆಳಗಿರಿ, ಒಂಬತ್ತೂವರೆಗೆ ಮತ್ತೆ ಕೆಳಗಿರಿ. ನಡುವೆ ಏನು ಬೇಕಾದರೂ ಜಗಳ ಆಡಿ.

ಛತ್ರದ ಅಡ್ವಾನ್ಸ್:

ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಕಣ್ರೀ. ಶ್ರಾವಣದ ಮುಹೂರ್ತಕ್ಕೆ ಛತ್ರ ಈಗಲೇ ಸಿಗುತ್ತಿಲ್ಲ. ಅಡುಗೆಯವರು, ಲಗ್ನಪತ್ರಿಕೆ, ಬಾಡಿಗೆ ಮನೆ ಎಲ್ಲ ಬಾಕಿ ಇರುತ್ತದೆ. ನಾನೂ ಮದುವೆಗೆ ಮುಂಚೆ ಹೀಗೇ ಸುತ್ತಿದೆ. ಕೊನೆಗೆ ವಾರದೊಳಗೆ ಮನೆ ಹುಡುಕಿ, ಸಿಕ್ಕಿದ್ದಕ್ಕೆ ಅಡ್ವಾನ್ಸ್ ಕೊಟ್ಟು, ಎರಡು ವರ್ಷ ಶೀಟಿನ ಕೆಳಗೆ ಬೆಂದೆವು. ಮೊದಲು ಮನೆ ನೋಡಿ.

ಕೋಲಾರದ ಸೊಸೆ:

ಮೇಲಿನವರು ಹೇಳಿದ್ದು ಅರ್ಧ ಸರಿ. ಆದರೆ ಮನೆ ನೋಡಲು ಬೆಟ್ಟ ಯಾಕೆ ಬಿಡಬೇಕು? ನಾವು ಎರಡನ್ನೂ ಒಂದೇ ದಿನ ಮಾಡುತ್ತಿದ್ದೆವು. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಮನೆ. ಬಾಡಿಗೆ ಮನೆ ನೋಡಬೇಕಾದ್ದೇ ಬೇಸಿಗೆ ಮಧ್ಯಾಹ್ನ ಎರಡು ಗಂಟೆಗೆ ತಂಗಿ. ಸಂಜೆ ಹೋದರೆ ಎಲ್ಲ ಮನೆಯೂ ತಂಪಾಗೇ ಇರುತ್ತದೆ. ಎರಡಕ್ಕೆ ಹೋಗಿ ಮೇಲಿನ ಮಹಡಿಯ ಗೋಡೆ ಮುಟ್ಟಿ ನೋಡಿ, ನಲ್ಲಿ ತಿರುಗಿಸಿ ನೋಡಿ. ಬೋರ್‌ವೆಲ್ ಕಥೆ ಏನು ಅನ್ನೋದು ಏಪ್ರಿಲ್‌ನಲ್ಲಿ ತಾನಾಗೇ ಹೊರಬರುತ್ತದೆ.

ಬೆಟ್ಟಕ್ಕೆ ನಮ್ಮ ಅಂತರಗಂಗೆಗೆ ಬನ್ನಿ. ಕೋಲಾರ ಊರಿಗೆ ಅಂಟಿಕೊಂಡಂತೇ ಇದೆ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆಯವರಿಗೆ ಅದೇ ಗಂಗೆ. ಅಲ್ಲಿಂದ ಮೇಲೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಒಂದರ ಮೇಲೊಂದು ಬಿದ್ದು ಆದ ಗವಿಗಳು. ಒಳಗೆ ತಂಪಾಗಿರುತ್ತದೆ, ಬೇಸಿಗೆಗೆ ಹೇಳಿ ಮಾಡಿಸಿದ ಜಾಗ. ದಾರಿ ಗೊತ್ತಿರುವ ಸ್ಥಳೀಯರು ಜೊತೆಗಿರಲಿ, ಟಾರ್ಚ್ ಇರಲಿ.

ನನ್ನ ಗಂಡ, ಆಗ ಇನ್ನೂ ಹುಡುಗ, ಅಲ್ಲೇ ಒಂದು ಸಂದಿಯಲ್ಲಿ ಸಿಕ್ಕಿಕೊಂಡಿದ್ದರು. ಬೆನ್ನಿಗೆ ಬ್ಯಾಗ್ ಇತ್ತು, ಅದನ್ನು ತೆಗೆಯದೆ ನುಗ್ಗಿದ್ದರು. ಮುಂದೆ ಹೋಗಲು ಆಗಲ್ಲ, ಹಿಂದೆ ಬರಲು ಆಗಲ್ಲ. ಒಳಗಿಂದ "ಏನೂ ಆಗಿಲ್ಲ, ಸ್ವಲ್ಪ ರೆಸ್ಟ್ ತಗೊಳ್ತಿದೀನಿ" ಅಂದರು! ಈಗಲೂ ಗ್ಯಾಸ್ ಖಾಲಿ ಆದಾಗ, ಸಂಬಳ ತಡವಾದಾಗ, ನಾನು ಕೇಳುವುದು ಒಂದೇ: ರೆಸ್ಟ್ ತಗೊಳ್ತಿದೀರಾ?

ತಮ್ಮನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ನಮ್ಮ ಜೊತೆ ನಾದಿನಿ ಬರುತ್ತಿದ್ದಳು. ಮೊದಲು ಬೇಜಾರಾಗುತ್ತಿತ್ತು. ಆದರೆ ಬೆಟ್ಟ ಹತ್ತುವಾಗ ಚಿಕ್ಕವರು ಯಾವಾಗಲೂ ಅರ್ಧ ಫರ್ಲಾಂಗ್ ಮುಂದೆ ಇರುತ್ತಾರೆ, ಅರ್ಥ ಮಾಡಿಕೊಳ್ಳಿ. ಬುತ್ತಿಗೆ ಚಿತ್ರಾನ್ನ ಬೇಡ, ಕಾಯಿತುರಿ ಹಾಕಿದ್ದು ಹನ್ನೊಂದಕ್ಕೆಲ್ಲ ಹಳಸುತ್ತದೆ. ಪುಳಿಯೋಗರೆ ಕಟ್ಟಿಕೊಳ್ಳಿ, ಜೊತೆಗೆ ಸೌತೆಕಾಯಿ.

ನಂದಿ ಕೆಳಗಿನವನು:

ಚಿಕ್ಕಬಳ್ಳಾಪುರದ ಕಡೆಯಿಂದ ಎರಡು ಮಾತು. ಭಾನುವಾರ ನಂದಿ ಬೆಟ್ಟಕ್ಕೆ ರಸ್ತೆಯಲ್ಲಿ ಬಂದರೆ ನೋಡುವುದು ಮುಂದಿನ ಕಾರಿನ ಹಿಂಭಾಗ. ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಜಾಸ್ತಿ ಹಳೇ ಮೆಟ್ಟಿಲುಗಳಿವೆ, ಅದು ಹಿಡಿಯಿರಿ. ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣಿ ಹತ್ತಿರ ಕಲ್ಲುಮಂಟಪದ ನೆರಳಿದೆ, ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಸ್ಕಂದಗಿರಿ, ಅಂದರೆ ನಮ್ಮ ಕಳವಾರ ಬೆಟ್ಟಕ್ಕೆ, ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವುದೂ ಉಂಟು. ವಿಚಾರಿಸಿಕೊಂಡೇ ಗಾಡಿ ಹತ್ತಿ.

ಹತ್ತುವುದೇ ಬೇಡ ಅನಿಸಿದ ಭಾನುವಾರ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ. 798 ಎಕರೆ ಬಯಲು, ಜಯಮಂಗಲಿ ಕೃಷ್ಣಮೃಗ ಧಾಮ. ಬಿಸಿಲು ಇಳಿದ ಮೇಲೆ ಜಿಂಕೆಗಳು ಹುಲ್ಲಿಗೆ ಬರುತ್ತವೆ.

ಕ್ಯಾತ್ಸಂದ್ರದ ಹುಡುಗಿ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಿ. ಹೋದ ಭಾನುವಾರ ಮಧುಗಿರಿ ಆಯಿತು. ಬೈಕಲ್ಲಿ ಮೂರು ಜನ ಆಗಲ್ಲ ಅಂತ ಅವರು ಸೋದರಮಾವನ ಹಳೇ ಓಮ್ನಿ ತಂದಿದ್ದರು. ನಾಲ್ಕೂವರೆಗೆ ಹೊರಟೆವು. ತಮ್ಮ ಹಿಂದಿನ ಸೀಟಲ್ಲಿ ಮಲಗಿದವನು ಕೋಟೆ ಹತ್ತಿರವೇ ಎದ್ದದ್ದು, ಆಮೇಲೆ ಸೊಸೆ ಅಕ್ಕ ಹೇಳಿದ ಹಾಗೇ ಅವನು ನಮಗೆ ಕಾಣಿಸಲೇ ಇಲ್ಲ.

ಕಂಬಿ ಇರುವ ಜಾಗದಲ್ಲಿ ಹತ್ತುವಾಗ ನನಗೇನೂ ಆಗಲಿಲ್ಲ. ಇಳಿಯುವಾಗ ಕೆಳಗೆ ಊರು ಕಂಡಿತು ನೋಡಿ, ಕಾಲು ಅಲ್ಲೇ ನಿಂತುಬಿಟ್ಟಿತು. ಕೂತುಬಿಟ್ಟೆ. ಅವರು ನನಗಿಂತ ಎರಡು ಗುಳಿ ಕೆಳಗೆ ಕೂತು, ಬೆನ್ನು ಕಣಿವೆ ಕಡೆ ಮಾಡಿ, ನನ್ನ ಹಿಮ್ಮಡಿ ಹಿಡಿದು ಒಂದೊಂದೇ ಗುಳಿಯೊಳಗೆ ಇಡಿಸುತ್ತಾ ಇಳಿಸಿದರು. ಹದಿನೇಳು ಗುಳಿ. ಎಣಿಸಿದ್ದು ಅವರೇ, ಜೋರಾಗಿ, ಒಂದನೇ ಕ್ಲಾಸ್ ಮೇಷ್ಟ್ರ ಥರ. ನಗಲಿಲ್ಲ. ದೇವರಾಯನದುರ್ಗದಲ್ಲಿ ನಾನು ನಕ್ಕಿದ್ದು ನೆನಪಾಗಿ ಅಲ್ಲೇ ಸಾರಿ ಹೇಳಿದೆ, ಅವರು "ಹನ್ನೊಂದು" ಅಂದರು.

ಒಂಬತ್ತೂಕಾಲಿಗೆ ಕೆಳಗಿದ್ದೆವು. ಮಧ್ಯಾಹ್ನ ತುಮಕೂರಲ್ಲಿ ಮೂರು ಮನೆ ನೋಡಿದೆವು. ಮೊದಲನೆಯದರ ಬೆಡ್‌ರೂಮ್ ಗೋಡೆ ಮುಟ್ಟಿದರೆ ಮಧುಗಿರಿ ಬಂಡೆಯೇ. ಎರಡನೆಯದರಲ್ಲಿ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು, ಓನರ್ ಆಂಟಿ "ಹೇಮಾವತಿ ನೀರು ನಾಳೆ ಬಿಡ್ತಾರಮ್ಮ" ಅಂದರು, ತಮ್ಮ "ಮೋಟರ್ ಇಲ್ವಾ ಆಂಟಿ" ಅಂದ, ಅವರು ಮಾತು ಬದಲಿಸಿದರು. ಮೂರನೆಯದು ಬಟವಾಡಿ ಹತ್ತಿರ, ಕೆಳಗಿನ ಮನೆ, ಮುಂದೆ ಹೊಂಗೆ ಮರ ಇದೆ. ಬಾಡಿಗೆ ಸ್ವಲ್ಪ ಜಾಸ್ತಿ. ಕೊಡೋಣ ಅಂತಿದ್ದೇವೆ.

ಛತ್ರವೂ ಸಿಕ್ಕಿತು, ಅಡ್ವಾನ್ಸ್ ಅಣ್ಣನಿಗೆ ತಿಳಿಸಿದ್ದೇನೆ. ಮುಂದಿನ ಭಾನುವಾರ ಅಂತರಗಂಗೆ. ಬಸವನ ಬಾಯಿ ನೀರು ಅಂದದ್ದೇ ತಡ, ಅಮ್ಮ ಗುಡಿ ತನಕ ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ. ಅವರ ಅಮ್ಮನೂ ಬರುತ್ತಾರಂತೆ. ಓಮ್ನಿಯಲ್ಲಿ ಇನ್ನೂ ಜಾಗ ಇದೆ, ಅದೇ ಭಯ.